ಹಿತ್ತಾಳೆ ಕಿವಿ

ಈ ಕತೆ ಹೇಳುವುದಕ್ಕೆ ನನಗೆ ಸ್ವಲ್ಪ ಅಂಜಿಕೆ. ಊದುವ ವಾದ್ಯಗಳ ಬಗ್ಗೆ ನನಗೆ ಗೊತ್ತಿರುವುದು ಬಹಳ ಕಡಿಮೆ. ಬಲೂನು ಊದಿದರೂ ನನಗೆ ತಲೆ ಸುತ್ತುತ್ತದೆ. ತಿಳಿದವರು ತಪ್ಪು ಕಂಡರೆ ಕ್ಷಮಿಸಬೇಕು. ಬೇರೆ ಯಾರಾದರೂ ಹೇಳುತ್ತಾರೇನೋ ಅಂತ ಕಾದು ನೋಡಿದೆ. ಯಾರೂ ಹೇಳುವ ಹಾಗೆ ಕಾಣಲಿಲ್ಲ.

ಪಿ.ಟಿ. ಮಿಸ್ ಆ ಮುಖ್ಯವಾದ ಮಾತನ್ನು ಹೇಳುವ ಹೊತ್ತಿಗೆ ಪೀಪಿ ಅನ್ನುವ ಹುಡುಗಿಯ ತಲೆ ಟ್ಯೂಬಾದ ಒಳಗಿತ್ತು.

ಊದುವ ಹಿತ್ತಾಳೆ ವಾದ್ಯಗಳಲ್ಲೆಲ್ಲ ದೊಡ್ಡದು ಟ್ಯೂಬಾ. ಅದರ ಬಾಯಿ ಬಟ್ಟೆ ನೆನೆಸುವ ಟಬ್ಬಿನಷ್ಟು ಅಗಲ. ಶಾಲೆಯ ಹಾಲಿನಲ್ಲಿ ಅದಕ್ಕೆ ಎರಡು ಕುರ್ಚಿ ಕೊಟ್ಟಿದ್ದರು. ಮನುಷ್ಯರಿಗೆ ನೆಲ. ಪೀಪಿ ಅದರ ಪಕ್ಕದಲ್ಲೇ ಕೂತಿದ್ದಳು. ಒಳಗಿನ ದಾರಿ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕೆನ್ನಿಸಿತು. ಮೊದಲು ಒಂದು ಕಣ್ಣು ಹೋಯಿತು, ಆಮೇಲೆ ಮೂಗು, ಆಮೇಲೆ ಜುಟ್ಟಿನ ಸಮೇತ ತಲೆ.

ಒಳಗೆ ತಣ್ಣಗಿತ್ತು. ಹಳೇ ನಾಣ್ಯದ ವಾಸನೆ ಬರುತ್ತಿತ್ತು. ಹೊರಗಿನ ಮಾತೆಲ್ಲ 'ಊಂ ಊಂ' ಅಂತ ಕೇಳಿಸುತ್ತಿತ್ತು.

ಹೊರಗೆ ಪಿ.ಟಿ. ಮಿಸ್ ಹೇಳುತ್ತಿದ್ದದ್ದು ಇಷ್ಟು:

"ಈ ಸಲ ನಾವು ಮೇನ್ ರೋಡಲ್ಲಿ ನುಡಿಸ್ತಿಲ್ಲ. ಚಿಕ್ಕ ಚಿಕ್ಕ ಬೀದಿಗಳಿಗೆ ಹೋಗ್ತೀವಿ. ಮನೆ ಬಿಟ್ಟು ಹೊರಗೆ ಬರೋಕಾಗದೆ ಇರೋರ ಕಿಟಕಿ ಕೆಳಗೇ ಹೋಗಿ ನುಡಿಸ್ತೀವಿ. ಆದರೆ ಕೆಲವು ಮನೇಲಿ ಹುಷಾರಿಲ್ಲದೋರು ಇರ್ತಾರೆ. ಹಗಲು ಮಲಗೋರು ಇರ್ತಾರೆ. ಅಂಥವರು ಕಿಟಕಿಗೆ ಹಸಿರು ಬಟ್ಟೆ ಕಟ್ಟಲಿ. ಹಸಿರು ಬಟ್ಟೆ ಕಂಡ ಕಡೆ ಬ್ಯಾಂಡು ಸದ್ದು ಮಾಡದೆ ಹೋಗುತ್ತೆ. ಹಸಿರು ಅಂದ್ರೆ ನಿಶ್ಶಬ್ದ. ಗೊತ್ತಾಯ್ತಾ?"

ಯಾರೋ ಕೈ ಎತ್ತಿ, ಇದಕ್ಕೆ ಕೆಂಪು ಚೆನ್ನಾಗಿರುತ್ತಿತ್ತಲ್ಲ ಅಂದರು.

"ಚೆನ್ನಾಗಿರ್ತಿತ್ತು," ಅಂದರು ಮಿಸ್. "ಆದರೆ ಕೆಂಪು ಬಟ್ಟೆ ಕೊಂಡ್ಕೋಬೇಕು. ನಾವು ಏನೂ ಕೊಂಡ್ಕೊಳ್ಳೋ ಹಾಗಿಲ್ಲ. ನರ್ಸಿಂಗ್ ಹೋಮ್‌ನವರು ಹಳೇ ಕರ್ಟನ್ ಕೊಟ್ಟಿದ್ದಾರೆ. ಅದು ಹಸಿರು."

ಏನೂ ಕೊಳ್ಳಬಾರದು ಅನ್ನುವುದು ಆ ಹಬ್ಬದ ನಿಯಮ. ಅದಕ್ಕೆ ಹಿತ್ತಾಳೆ ಹಬ್ಬ ಅಂತ ಹೆಸರು. ವರ್ಷಕ್ಕೊಂದು ಭಾನುವಾರ ಬೀದಿಗಳಿಗೆ ಗಾಡಿ ಬಿಡುವುದಿಲ್ಲ. ಅವತ್ತು ಊದುವವರು ಊದುತ್ತಾ ನಡೆಯುತ್ತಾರೆ, ಉಳಿದವರು ಕೇಳುತ್ತಾರೆ. ಸ್ಟೇಜ್ ಇಲ್ಲ, ಮೈಕ್ ಇಲ್ಲ, ಟಿಕೆಟ್ ಇಲ್ಲ. ಕೆಲಸ ಮಾಡುವವರೆಲ್ಲ ವಾಲಂಟಿಯರ್‌ಗಳು. ಅವರಿಗೆ ಸಿಗುವುದು ಸ್ಟೀಲ್ ಲೋಟದಲ್ಲಿ ನೀರು. ಲೋಟ ವಾಪಸ್ ಕೊಡಬೇಕು. ಪ್ಲಾಸ್ಟಿಕ್ ತರಬಾರದು, ಕಾಗದ ಹಾಳು ಮಾಡಬಾರದು. ನೋಟಿಸ್ ಕೂಡ ಅಚ್ಚು ಹಾಕಿಸುವುದಿಲ್ಲ. ಹೇಳಬೇಕಾದ್ದನ್ನು ಮನೆಮನೆಗೆ ಹೋಗಿ ಬಾಯಲ್ಲೇ ಹೇಳಬೇಕು.

ಪೀಪಿಯ ಪಾಲಿಗೆ ಬಂದದ್ದು ಈ ಕೆಲಸ. ತನ್ನ ಬೀದಿಯ ಎಲ್ಲ ಮನೆಗೂ ಹಸಿರು ಬಟ್ಟೆ ಕೊಟ್ಟು, ಅದೇನಕ್ಕೆ ಅಂತ ಹೇಳಿ ಬರಬೇಕು.

ಅವಳು ಟ್ಯೂಬಾದಿಂದ ತಲೆ ತೆಗೆದಾಗ ಸಭೆ ಮುಗಿದಿತ್ತು. ಯಾರೋ ಅವಳ ಕೈಗೆ ಒಂದು ಚೀಲ ಹಸಿರು ಬಟ್ಟೆ ಇಟ್ಟರು.

"ಇದು ಯಾಕೆ?" ಅಂತ ಅವಳು ಸಿಗ್ನಲ್‌ಳನ್ನು ಕೇಳಿದಳು.

ಸಿಗ್ನಲ್ ಅವಳ ಕ್ಲಾಸಿನವಳು. ಅವಳ ಅಪ್ಪ ಟ್ರಾಫಿಕ್ ಪೊಲೀಸ್. ಸಭೆ ನಡೆಯುವಾಗ ಸಿಗ್ನಲ್ ಹಿಂದಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಳು. ಆದರೆ ಗೊತ್ತಿಲ್ಲ ಅನ್ನುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಇದನ್ನೂ ಹೇಳಿಕೊಡ್ಬೇಕೇನೇ? ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಶುರು. ಬ್ಯಾಂಡ್ ಬೇಕು ಅನ್ನೋರು ಹಸಿರು ಬಟ್ಟೆ ಕಟ್ಬೇಕು. ಬೇಡ ಅನ್ನೋರು ಕಟ್ಟಬಾರದು."

"ನಿಜವಾಗ್ಲೂ?"

"ನಮ್ಮಪ್ಪನ್ನ ಕೇಳು ಬೇಕಾದ್ರೆ."

ಪೀಪಿ ನಂಬಿದಳು. ಯಾರು ಏನು ಹೇಳಿದರೂ ನಂಬುವವರದು ಹಿತ್ತಾಳೆ ಕಿವಿ ಅನ್ನುತ್ತಾರೆ. ಪೀಪಿಗೆ ಅವಳ ಅಮ್ಮ ವಾರಕ್ಕೆರಡು ಸಲವಾದರೂ ಈ ಮಾತು ಹೇಳುತ್ತಿದ್ದಳು. ಒಂದು ಸಲ ಇದೇ ಸಿಗ್ನಲ್, "ಸ್ಕೂಲಿನ ಗಂಟೆ ಕಳ್ಳತನ ಆಗಿದೆ, ಇವತ್ತು ರಜ," ಅಂದಿದ್ದಳು. ಪೀಪಿ ಯೂನಿಫಾರ್ಮ್ ಬಿಚ್ಚಿಟ್ಟು ಮತ್ತೆ ಮಲಗಿದ್ದಳು.

ಹೊರಡುವ ಮೊದಲು ಅವಳು ಟ್ಯೂಬಾ ನುಡಿಸುವವರ ಹತ್ತಿರ ಹೋದಳು. ಅವರು ಹಲ್ಲಿನ ಡಾಕ್ಟರ್. ಪೀಪಿಯ ದವಡೆ ಹಲ್ಲೊಂದನ್ನು ಕಿತ್ತವರೂ ಅವರೇ. ಆದ್ದರಿಂದ ಮಾತಾಡುವಾಗ ಅವಳು ಬಾಯಿ ಜಾಸ್ತಿ ತೆರೆಯಲಿಲ್ಲ.

"ಡಾಕ್ಟರ್ ಆಂಟಿ, ನಮ್ಮ ಬೀದೀಲಿ ಟೈಲರ್ ಬೋರ್ಡ್ ಇರೋ ಮನೆ ಇದೆ. ಅದರ ಮೇಲಿನ ಕಿಟಕಿ ಕೆಳಗೆ ಬಂದಾಗ ಜೋರಾಗಿ ಊದ್ತೀರಾ?"

"ಯಾಕೆ?"

"ನಮ್ಮಜ್ಜಿ ಇದ್ದಾಳೆ. ಅವಳಿಗೆ ಕಿವಿ ಕೇಳ್ಸಲ್ಲ. ಆದ್ರೆ ಇದು ಕೇಳಿಸ್ಬಹುದಂತೆ."

ಡಾಕ್ಟರ್ ಟ್ಯೂಬಾವನ್ನು ನೋಡಿದರು, ಪೀಪಿಯನ್ನು ನೋಡಿದರು. "ಊದ್ತೀನಿ," ಅಂದರು. "ಬಾಯಿ ತೆಗಿ. ಹಲ್ಲು ಬಂತಾ ನೋಡೋಣ."

ಅಜ್ಜಿಯ ಜಾಗ ಮೇಲಿನ ಕೋಣೆಯ ಕಿಟಕಿ. ಮಂಡಿ ನೋವಿನಿಂದ ಅವಳು ಮೆಟ್ಟಿಲು ಇಳಿದು ಬಹಳ ಕಾಲವಾಗಿತ್ತು. ಅಮ್ಮ ಅದೇ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅಮ್ಮ ಹೊಲಿದ ಅಂಗಿಗಳಿಗೆ ಅಜ್ಜಿ ಗುಂಡಿ ಹಾಕುತ್ತಿದ್ದಳು. ಕಣ್ಣು ಸೂಜಿಯಷ್ಟೇ ಚುರುಕು. ಕನ್ನಡಕವಿಲ್ಲದೆ ದಾರ ಪೋಣಿಸುವಳು. ಬೀದಿಯಲ್ಲಿ ಯಾರ ಚಪ್ಪಲಿಯ ಉಂಗುಷ್ಟ ಕಿತ್ತಿದೆ ಅಂತ ಮೇಲಿಂದಲೇ ಹೇಳುವಳು.

ಕಿವಿಯದೇ ತೊಂದರೆ. ಕಿವಿಗಿಡುವ ಮಷೀನು ತಂದುಕೊಟ್ಟಿದ್ದರು. ಅದು ಗುಂಡಿಗಳ ಡಬ್ಬದಲ್ಲಿತ್ತು.

"ಅದನ್ನ ಹಾಕ್ಕೊಂಡ್ರೆ ಫ್ರಿಜ್ ಒಂದೇ ಕೇಳ್ಸೋದು," ಅನ್ನುವಳು ಅಜ್ಜಿ. "ಫ್ರಿಜ್ ಹತ್ರ ನಂಗೇನು ಮಾತು?"

ಮನೆಯವರೆಲ್ಲ ಅಜ್ಜಿಯ ಹತ್ತಿರ ಕೂಗಿ ಮಾತಾಡುತ್ತಿದ್ದರು. ಅಜ್ಜಿ ಎಲ್ಲದಕ್ಕೂ ಹೂಂ ಅನ್ನುವಳು. ಊಟ ಆಯ್ತಾ ಅಂದರೆ ಹೂಂ. ಫ್ಯಾನ್ ಹಾಕಲಾ ಅಂದರೆ ಹೂಂ. ಕರೆಂಟ್ ಇಲ್ಲ ಅಂದರೂ ಹೂಂ. ಪ್ರತಿ ಸಂಜೆ ಪೀಪಿ ಶಾಲೆಯಿಂದ ಬಂದು ಎದುರಿಗೆ ಕೂತರೆ ಮಾತ್ರ, "ಏನಾಯ್ತೇ ಇವತ್ತು?" ಅಂತ ತಾನೇ ಕೇಳುವಳು. ಪೀಪಿ ಸೀಟಿ ಹೊಡೆದಂಥ ದನಿಯಲ್ಲಿ ಎಲ್ಲ ಒಪ್ಪಿಸುವಳು. ಆ ದನಿಗೇ ಪೀಪಿ ಅಂತ ಹೆಸರು ಬಂದದ್ದು.

ಹೋದ ವರ್ಷ ಹಬ್ಬದ ಸುದ್ದಿ ಹೇಳಿದಾಗ ಅಜ್ಜಿ ದಾರ ಕಚ್ಚಿ ತುಂಡು ಮಾಡುತ್ತಾ ಒಂದು ಮಾತು ಅಂದಿದ್ದಳು. "ಅಷ್ಟು ದೊಡ್ಡದೊಂದು ಪೀಪಿ ಇದ್ಯಂತಲ್ಲ. ಅದೊಂದು ನಂಗೆ ಕೇಳಿಸಿದ್ರೂ ಕೇಳಿಸೀತು."

ಅಜ್ಜಿ ಇದನ್ನು ಒಂದೇ ಸಲ ಅಂದದ್ದು. ಪೀಪಿ ಅದನ್ನು ವರ್ಷಪೂರ್ತಿ ಮರೆಯಲಿಲ್ಲ.

"ಅಮ್ಮಾ, ನಮ್ಮ ಕಿಟಕಿಗೆ ಎಲ್ಲಕ್ಕಿಂತ ದೊಡ್ಡ ಪೀಸ್ ಕಟ್ಟಬೇಕು," ಅಂದಳು ಪೀಪಿ.

"ಹಸಿರು ಅಂದ್ರೆ ಬನ್ನಿ ಅಂತಾನಾ?"

"ಹೂಂ."

"ಪರಿಸರದ ಹಬ್ಬ ಅಲ್ವಾ. ಹಸಿರೇ ಇರುತ್ತೆ," ಅಂದಳು ಅಮ್ಮ. ಕಟ್ಟಿದರೆ ಗಾಳಿಗೆ ಹಾರೀತು ಅಂತ ಬಟ್ಟೆಯನ್ನು ಕಿಟಕಿಯ ಸರಳುಗಳಿಗೆ ಸುತ್ತಿ ಡಬಲ್ ದಾರದಲ್ಲಿ ಹೊಲಿದೇ ಬಿಟ್ಟಳು. ಅಮ್ಮನ ಹೊಲಿಗೆ ಬಿಚ್ಚಿಕೊಂಡಿತು ಅಂತ ಇದುವರೆಗೆ ಯಾವ ಗಿರಾಕಿಯೂ ಬಂದಿರಲಿಲ್ಲ.

ಪೀಪಿ ಚೀಲ ಹಿಡಿದು ಬೀದಿಗೆ ಇಳಿದಳು.

ಕೆಳಗಿನ ಮನೆಯ ಆಂಟಿ ಒಂದು ತೆಗೆದುಕೊಂಡರು. ಎದುರು ಮನೆಯ ಅಂಕಲ್ ಬಾಗಿಲನ್ನು ಸ್ವಲ್ಪವೇ ತೆರೆದು, "ಎಷ್ಟಾಗುತ್ತೆ?" ಅಂದರು.

"ಫ್ರೀ ಅಂಕಲ್."

"ಹಾಗಾದ್ರೆ ಎರಡು ಕೊಡು."

ಹಸುಗೂಸು ಇರುವ ಮನೆಯಲ್ಲಿ ಪೀಪಿ ಕೇಳುವುದಕ್ಕೆ ಹಿಂಜರಿದಳು. "ಪಾಪು ಮಲಗಿರುತ್ತೇನೋ, ಬ್ಯಾಂಡ್ ಬೇಡ್ವೇನೋ..."

"ಅದೆಲ್ಲಿ ಮಲಗುತ್ತಮ್ಮ," ಅಂದರು ಆ ಮಗುವಿನ ತಾಯಿ. ಅವರ ಕಣ್ಣು ಅರ್ಧ ಮುಚ್ಚಿದ್ದವು. "ನಮಗೂ ಒಂದು ಕೊಡು. ಒಂದು ದಿನ ಅದೂ ಬೇರೆಯವರ ಗಲಾಟೆ ಕೇಳಲಿ."

ಬೀದಿಯ ಕೊನೆಯ ಮನೆ ಬೇಕರಿಯವರದು. ಅವರು ರಾತ್ರಿಯೆಲ್ಲ ಬ್ರೆಡ್ ಬೇಯಿಸಿ ಹಗಲು ಮಲಗುವರು. ಬಾಗಿಲ ಮೇಲೆ ಬೋರ್ಡ್ ಇತ್ತು: 'ಮಲಗಿದ್ದೇನೆ. ಬಾಗಿಲು ತಟ್ಟಿದರೆ ಎದ್ದು ಬರುತ್ತೇನೆ.'

ಪೀಪಿ ಅದನ್ನು ಎರಡು ಸಲ ಓದಿದಳು. ಬೇಕರಿಯವರಿಗೆ ಬ್ಯಾಂಡ್ ಬೇಡ ಅನ್ನುವುದು ಕೇಳದೆಯೇ ಗೊತ್ತಾಗುತ್ತಿತ್ತು. ಹಾಗಾಗಿ ಅವರಿಗೆ ಬಟ್ಟೆಯ ಅಗತ್ಯವಿರಲಿಲ್ಲ. ತುದಿಗಾಲಲ್ಲಿ ವಾಪಸ್ ಬಂದಳು.

ಬಟ್ಟೆ ಸಾಲಲಿಲ್ಲ. ಸಿಗದವರು ಬೇಜಾರು ಮಾಡಿಕೊಂಡರು. "ಮನೇಲಿರೋ ಯಾವ್ದಾದ್ರೂ ಹಸಿರು ಕಟ್ಟಿ, ನಡೆಯುತ್ತೆ," ಅಂತ ಪೀಪಿಯೇ ಸಮಾಧಾನ ಹೇಳಿದಳು. ಭಾನುವಾರ ಬೆಳಿಗ್ಗೆ ನೋಡಿದರೆ ಬೀದಿಯ ತುಂಬ ಹಸಿರು. ಟವೆಲ್, ಬೆಡ್‌ಶೀಟ್, ಚಾಪೆ, ಒಂದು ಮಂಕಿ ಕ್ಯಾಪ್. ಒಬ್ಬರು ಹಸಿರು ಛತ್ರಿಯನ್ನೇ ಬಿಚ್ಚಿ ನೇತುಹಾಕಿದ್ದರು. ಪೀಪಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು.

ಮಧ್ಯಾಹ್ನ ಬ್ಯಾಂಡು ಆ ಬೀದಿಯ ಕಡೆಗೆ ಬಂತು. ಮುಂದೆ ಪಿ.ಟಿ. ಮಿಸ್. ಅವರ ಪಕ್ಕದಲ್ಲಿ ಕಸದ ಬಕೆಟ್ ಹಿಡಿದು ಪೀಪಿ. ಹಿಂದೆ ಟ್ರಂಪೆಟ್‌ನವರು, ಉದ್ದ ಕೊಳವೆ ಎಳೆದು ನೂಕುವ ಟ್ರಾಂಬೋನ್‌ನವರು, ಎಲ್ಲರಿಗಿಂತ ಹಿಂದೆ ಟ್ಯೂಬಾ ಹೊತ್ತ ಹಲ್ಲಿನ ಡಾಕ್ಟರ್. ಪಕ್ಕದ ಬೀದಿಯಲ್ಲಿ ಅವರು ನುಡಿಸಿದ ರಭಸಕ್ಕೆ ನಿಲ್ಲಿಸಿದ್ದ ಸ್ಕೂಟರ್ ಒಂದು ತಾನಾಗಿಯೇ ಹಾರ್ನ್ ಹೊಡೆದಿತ್ತು.

ತಿರುವಿನಲ್ಲಿ ಪಿ.ಟಿ. ಮಿಸ್ ನಿಂತುಬಿಟ್ಟರು. ಬೀದಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. ನಿಧಾನವಾಗಿ ಕೈ ಎತ್ತಿದರು. ಬ್ಯಾಂಡು ತಟ್ಟನೆ ನಿಂತಿತು.

"ಇಷ್ಟೊಂದು ಜನಕ್ಕೆ ಹುಷಾರಿಲ್ವಾ?" ಅಂತ ಮಿಸ್ ಪಿಸುಗುಟ್ಟಿದರು.

"ಏನೋ ಜ್ವರ ಹರಡಿರ್ಬೇಕು," ಅಂತ ಟ್ರಾಂಬೋನ್‌ನವರೊಬ್ಬರು ಕರ್ಚೀಫ್ ತೆಗೆದು ಮೂಗಿಗೆ ಕಟ್ಟಿಕೊಂಡರು.

"ಪಾಪ. ಒಬ್ಬರೂ ಬಿಟ್ಟಿಲ್ಲ," ಅಂದರು ಮಿಸ್. "ಯಾರೂ ಉಸಿರೆತ್ತಬೇಡಿ. ಹಸಿರು ಅಂದ್ರೆ ನಿಶ್ಶಬ್ದ. ಶೂ ಸದ್ದು ಕೂಡ ಬರಬಾರದು."

ಪೀಪಿಯ ಕೈಯಲ್ಲಿದ್ದ ಬಕೆಟ್ ಭಾರವಾಯಿತು. ಅದರಲ್ಲಿ ಇದ್ದದ್ದು ಒಂದು ಬಾಳೆಹಣ್ಣಿನ ಸಿಪ್ಪೆ.

"ಮಿಸ್," ಅಂದಳು.

"ಉಶ್."

"ಮಿಸ್, ಅದು..."

ಮಿಸ್ ತುಟಿಯ ಮೇಲೆ ಬೆರಳಿಟ್ಟರು. ಪಿ.ಟಿ. ಮಿಸ್ ತುಟಿಯ ಮೇಲೆ ಬೆರಳಿಟ್ಟ ಮೇಲೆ ಶಾಲೆಯಲ್ಲಿ ಹೆಡ್‌ಮಾಸ್ಟರ್ ಕೂಡ ಮಾತಾಡುವುದಿಲ್ಲ.

ಬ್ಯಾಂಡು ತುದಿಗಾಲಲ್ಲಿ ಬೀದಿಯೊಳಕ್ಕೆ ಬಂತು. ಟ್ರಂಪೆಟ್‌ಗಳನ್ನು ಎದೆಗೆ ಒತ್ತಿಕೊಂಡು, ಟ್ರಾಂಬೋನ್‌ಗಳನ್ನು ಮಲಗಿದ ಮಗುವಿನಂತೆ ತೋಳಲ್ಲಿ ಇಟ್ಟುಕೊಂಡು, ಎಲ್ಲರೂ ಒಂದೇ ಸಲ ಕಾಲೆತ್ತಿ ಒಂದೇ ಸಲ ಇಡುತ್ತಿದ್ದರು. ಟ್ಯೂಬಾದ ಬಕಲ್ ಒಮ್ಮೆ ಟಿಣ್ ಅಂದದ್ದಕ್ಕೆ ಡಾಕ್ಟರ್ ಅದರ ಮೇಲೆ ಕೈ ಮುಚ್ಚಿದರು.

ಬಾಲ್ಕನಿಗಳಲ್ಲಿ ಜನ ತುಂಬಿದ್ದರು. ನೀರಿನ ಲೋಟ ಹಿಡಿದು ಕೆಳಗಿನ ಮನೆಯ ಆಂಟಿ ಗೇಟಿನಲ್ಲಿದ್ದರು.

"ಶುರು ಮಾಡಲ್ವಾ?" ಅಂತ ಯಾರೋ ಕೇಳಿದರು.

"ಈಗ ಮಾಡ್ತಾರೆ ತಾಳಿ."

ಬ್ಯಾಂಡಿನವರು ಅನುಕಂಪದಿಂದ ಮೇಲೆ ನೋಡಿದರು. ಬಾಲ್ಕನಿಯವರು ಆಸೆಯಿಂದ ಕೆಳಗೆ ನೋಡಿದರು. ಎದುರು ಮನೆಯ ಅಂಕಲ್ ಒಂದೆರಡು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದರಿಂದ ನಿಲ್ಲಿಸಿದರು. ಮಗು ಇರುವ ಮನೆಯಲ್ಲಿ ಮಾತ್ರ ವಿಚಿತ್ರವಾಗಿತ್ತು. ಮಗು ಕಣ್ಣರಳಿಸಿ ನೋಡುತ್ತಾ ನೋಡುತ್ತಾ ನಿದ್ದೆ ಹೋಯಿತು.

ಟೈಲರ್ ಬೋರ್ಡ್ ಇನ್ನು ಸ್ವಲ್ಪವೇ ದೂರ. ಪೀಪಿ ಬಕೆಟ್ ಅಲ್ಲೇ ಇಟ್ಟು ಓಡಿದಳು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಕೋಣೆಗೆ ನುಗ್ಗಿದಳು.

ಅಜ್ಜಿ ಕಿಟಕಿಯಲ್ಲಿದ್ದಳು. ತಲೆ ಬಾಚಿಕೊಂಡಿದ್ದಳು. ಒಳ್ಳೆಯ ಶಾಲು ಹೊದ್ದಿದ್ದಳು. ಎರಡೂ ಕೈ ಕಿಟಕಿಯ ಕಟ್ಟೆಯ ಮೇಲಿದ್ದವು.

ಪೀಪಿ ಹಸಿರು ಬಟ್ಟೆ ಹಿಡಿದು ಜಗ್ಗಿದಳು. ಅದು ಬರಲಿಲ್ಲ. ಹಲ್ಲಿನಿಂದ ದಾರ ಕಚ್ಚಿದಳು. ದಾರವೂ ಬರಲಿಲ್ಲ. ಅಮ್ಮನ ಡಬಲ್ ಹೊಲಿಗೆ. "ಕತ್ತರಿ ಎಲ್ಲಿ, ಅಮ್ಮಾ, ಕತ್ತರಿ," ಅಂತ ತಿರುಗಿದರೆ ಅಮ್ಮ ಬ್ಯಾಂಡ್ ನೋಡಲು ಬಾಗಿಲಿಗೆ ಹೋಗಿದ್ದಳು.

ಅಷ್ಟರಲ್ಲಿ ಅವರು ಕಿಟಕಿಯ ಕೆಳಗೇ ಬಂದಿದ್ದರು.

ಅಜ್ಜಿ ಬಗ್ಗಿ ನೋಡಿದಳು. ಬಿಸಿಲು ಹಿತ್ತಾಳೆಯ ಮೇಲೆ ಬಿದ್ದು ಅವಳ ಗಲ್ಲದ ಮೇಲೂ ಗೋಡೆಯ ಮೇಲೂ ಹಳದಿ ಚುಕ್ಕೆಗಳು ಓಡಾಡಿದವು. ಟ್ರಂಪೆಟ್ ಹೋಯಿತು, ಟ್ರಾಂಬೋನ್ ಹೋಯಿತು. ಡಾಕ್ಟರ್ ಟೈಲರ್ ಬೋರ್ಡ್ ನೋಡಿದರು. ಮೇಲಿನ ಕಿಟಕಿ ನೋಡಿದರು, ಅದರ ಮೇಲಿನ ಹಸಿರು ಬಟ್ಟೆ ನೋಡಿದರು, ಅದನ್ನು ಕಚ್ಚಿಕೊಂಡಿದ್ದ ಪೀಪಿಯನ್ನೂ ನೋಡಿದರು. ಒಂದು ಗಳಿಗೆ ನಿಂತರು. ಆಮೇಲೆ ಟ್ಯೂಬಾ ಸಮೇತ ತಲೆ ಬಾಗಿಸಿ, ಸದ್ದಿಲ್ಲದೆ ಮುಂದೆ ಹೋದರು.

ಅಜ್ಜಿ ಕೈ ಎತ್ತಿ ಬೀಸಿದಳು.

ಬೀದಿಯ ಕೊನೆಯಲ್ಲಿ ಪಿ.ಟಿ. ಮಿಸ್‌ಗೆ ಒಂದು ಬೋಳು ಕಿಟಕಿ ಕಂಡಿತು. ಹಸಿರಿನ ಚೂರೂ ಇಲ್ಲದ ಮನೆ ಅದೊಂದೇ. ಅಷ್ಟು ಹೊತ್ತು ಉಸಿರು ಕಟ್ಟಿಕೊಂಡು ಬಂದಿದ್ದ ಬ್ಯಾಂಡಿಗೂ ಅದು ಕಂಡಿತು. ಮಿಸ್ ಕೈ ಇಳಿಸಿದರು.

ಬೇಕರಿಯವರ ಮನೆಯ ಮುಂದೆ ಎಲ್ಲರೂ ಒಟ್ಟಿಗೆ ಊದಿದರು. ಬೇಲಿಯ ಮೇಲಿನ ಕಾಗೆಗಳು ಎದ್ದು ಹೋದವು. ಕಟ್ಟಿಕೊಂಡ ಉಸಿರೆಲ್ಲ ಒಂದೇ ಮನೆಯ ಪಾಲಾಯಿತು. ಎಲ್ಲಕ್ಕಿಂತ ಕೆಳಗೆ, ನೆಲದ ಒಳಗಿನಿಂದ ಬಂದ ಹಾಗೆ, ಟ್ಯೂಬಾ.

ಬಾಗಿಲು ತೆರೆಯಿತು. ಬನಿಯನ್ ಹಾಕಿಕೊಂಡ ಬೇಕರಿಯವರು ದಿಂಬು ಹಿಡಿದು ಹೊರಗೆ ಬಂದು, ಹಾಡು ಮುಗಿಯುವವರೆಗೆ ನಿಂತರು.

"ಮುಗೀತಾ?" ಅಂದರು.

"ಮುಗೀತು," ಅಂದರು ಮಿಸ್.

"ಸರಿ," ಅಂದು ಬಾಗಿಲು ಹಾಕಿಕೊಂಡರು.

ಮೇಲೆ ಕಿಟಕಿಯಲ್ಲಿ ಪೀಪಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಬೆರಳು ಕಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಅದು ಯಾವಾಗ ಶುರುವಾಯಿತು ಅಂತ ಪೀಪಿ ನೋಡಿರಲಿಲ್ಲ.

"ಚೆನ್ನಾಗಿ ನುಡಿಸಿದ್ರು," ಅಂದಳು ಅಜ್ಜಿ.

ಪೀಪಿ ಕೆಳಗೆ ಇಳಿದಳು. ಇಳಿಯುವಾಗ ಮೆಟ್ಟಿಲನ್ನು ಒಂದೊಂದಾಗಿಯೇ ಇಳಿದಳು.

ಬೀದಿಯ ಕೊನೆಯಲ್ಲಿ ಜನ ಸೇರಿದ್ದರು. ಎದುರು ಮನೆಯ ಅಂಕಲ್, "ನಾನು ಎರಡು ಕಟ್ಟಿದ್ದೀನಿ. ಎರಡು," ಅಂತ ಮಿಸ್‌ಗೆ ಬೆರಳು ತೋರಿಸುತ್ತಿದ್ದರು. ಕೆಳಗಿನ ಮನೆಯ ಆಂಟಿ, "ಬ್ಯಾಂಡ್ ಬೇಕು ಅಂತಾನೇ ನಾನು ಆ ಬಟ್ಟೆ ಜೊತೆಗೆ ಹೊಸ ಟವೆಲ್ಲೂ ಕಟ್ಟಿದ್ದು," ಅನ್ನುತ್ತಿದ್ದರು.

"ಬೇಕು ಅಂತಾನಾ?" ಮಿಸ್‌ಗೆ ಅರ್ಥವಾಗಲಿಲ್ಲ. "ಹಾಗಂತ ಯಾರು ಹೇಳಿದ್ದು?"

"ನಾನು," ಅಂದಳು ಪೀಪಿ. ಆ ದಿನ ಅವಳ ದನಿ ಸೀಟಿಯ ಹಾಗೆ ಇರಲಿಲ್ಲ.

"ಸಭೇಲಿ ಅಷ್ಟು ಬಿಡಿಸಿ ಹೇಳಿದ್ನಲ್ಲ. ನೀನೆಲ್ಲಿದ್ದೆ?"

"ಟ್ಯೂಬಾದಲ್ಲಿ ಮಿಸ್."

ಹಲ್ಲಿನ ಡಾಕ್ಟರ್ ಜೇಬಿಗೆ ಕೈ ಹಾಕಿ ಒಂದು ಹೇರ್ ಕ್ಲಿಪ್ ತೆಗೆದರು. "ಇದು ನಿಂದಾ? ಸಭೆಯಾದ ದಿನದಿಂದ ಒಂದು ಸ್ವರ ಜಿರ್ ಅಂತಿತ್ತು. ಇವತ್ತು ಬೆಳಿಗ್ಗೆ ಸಿಕ್ತು."

ಪೀಪಿ ಕ್ಲಿಪ್ ತೆಗೆದುಕೊಂಡಳು.

"ಹಸಿರು ಅಂದ್ರೆ ಹೋಗು ಅಂತಾನೇ ಮಿಸ್," ಅಂದಳು ಸಿಗ್ನಲ್ ಹಿಂದಿನಿಂದ. "ಬೇಕಾದ್ರೆ ನಮ್ಮಪ್ಪನ್ನ ಕೇಳಿ."

"ಹೋದ್ವಲ್ಲಮ್ಮ," ಅಂದರು ಮಿಸ್. "ನಿಲ್ಲದೆ ಹೋದ್ವಿ."

ತಿರುಗಿ ಬಂದು ನುಡಿಸುವುದಕ್ಕೆ ಹೊತ್ತಿರಲಿಲ್ಲ. ಮುಂದಿನ ಬೀದಿಯವರು ಕಾಯುತ್ತಿದ್ದರು. ಆ ತುದಿಯಲ್ಲಿ ಸಿಗ್ನಲ್‌ಳ ಅಪ್ಪ ಬ್ಯಾರಿಕೇಡ್ ಎತ್ತಲು ತಯಾರಾಗಿದ್ದರು. ಪೀಪಿ ಅಳಲಿಲ್ಲ. ಕ್ಲಿಪ್ಪನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದಳು.

ಡಾಕ್ಟರ್ ಅದನ್ನು ನೋಡಿದರು. "ನೀವು ನಡೀತಾ ಇರಿ ಮಿಸ್," ಅಂದರು. "ಈ ಪೇಷೆಂಟ್ ಮನೆಗೆ ಹೋಗಿ ಓಡಿ ಬರ್ತೀನಿ."

ಮೆಟ್ಟಿಲಿನ ತಿರುವಿನಲ್ಲಿ ಟ್ಯೂಬಾ ಸಿಕ್ಕಿಕೊಂಡಿತು. ಕೆಳಗಿನಿಂದ ಪೀಪಿ ನೂಕಿದಳು, ಮೇಲಿಂದ ಅಮ್ಮ ಎಳೆದಳು. ಗೋಡೆಯ ಸುಣ್ಣ ಸ್ವಲ್ಪ ಟ್ಯೂಬಾಕ್ಕೆ ಬಂತು. ಡಾಕ್ಟರ್ ಏದುಸಿರು ಬಿಡುತ್ತಾ ಅಜ್ಜಿಯ ಮುಂದೆ ನಿಂತು ಟ್ಯೂಬಾವನ್ನು ತುಟಿಗೆ ಇಟ್ಟುಕೊಂಡರು.

ಅಜ್ಜಿ ಕೈ ಅಡ್ಡ ಹಿಡಿದಳು.

"ಬೇಡಮ್ಮ. ಪಾಪ, ಎಷ್ಟು ಸುಸ್ತಾಗಿದ್ದೀಯ. ಒಂದ್ಸಲ ಕೇಳಿದ್ದಾಯ್ತಲ್ಲ. ಕೂತ್ಕೋ."

ಡಾಕ್ಟರ್ ಪೀಪಿಯ ಕಡೆ ನೋಡಿದರು. ಪೀಪಿ, "ಅಜ್ಜೀ, ಅವರು..." ಅಂದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಾ ಕಾದಳು. ಅಜ್ಜಿಯ ಮುಖದಲ್ಲಿ ಇನ್ನೂ ಹಳದಿ ಚುಕ್ಕೆಯೊಂದು ಆಡುತ್ತಿತ್ತು, ಟ್ಯೂಬಾ ಕಿಟಕಿಗೆ ಹತ್ತಿರವಿದ್ದದ್ದರಿಂದ.

"ಅವರು ನೀರು ಕುಡೀತಾರಂತೆ," ಅಂದಳು ಪೀಪಿ.

ಅಮ್ಮ ಸ್ಟೀಲ್ ಲೋಟದಲ್ಲಿ ನೀರು ತಂದಳು. ಡಾಕ್ಟರ್ ಕುಡಿದು, ಲೋಟ ವಾಪಸ್ ಕೊಟ್ಟು, ಅಜ್ಜಿಯ ಎದುರಿಗೆ ಬಗ್ಗಿ ಕೇಳಿದರು. "ಹೇಗಿತ್ತು ಅಜ್ಜಿ?"

"ಅಷ್ಟು ಜನ ಒಟ್ಟಿಗೆ," ಅಂದಳು ಅಜ್ಜಿ. "ಒಬ್ಬರೂ ಎಲ್ಲೂ ತಪ್ಪಲಿಲ್ಲ."

ಡಾಕ್ಟರ್ ಸ್ವಲ್ಪ ಯೋಚಿಸಿ, "ಇಲ್ಲ, ತಪ್ಪಲಿಲ್ಲ," ಅಂತ ಒಪ್ಪಿಕೊಂಡರು. ಆಮೇಲೆ ಟ್ಯೂಬಾವನ್ನು ಮತ್ತೆ ಎಲ್ಲರೂ ಸೇರಿ ಇಳಿಸಬೇಕಾಯಿತು.

ಮಾರನೆಯ ದಿನ ಬೀದಿಗೆ ಬಂದ ಬ್ರೆಡ್ಡೆಲ್ಲ ಒಂದು ಪಕ್ಕ ಕಪ್ಪಗಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ. ಪೀಪಿ ಬೇಕರಿಗೆ ಹೋಗಿ ಸಾರಿ ಹೇಳಿದಳು. ಬೇಕರಿಯವರು ಅವಳ ಕೈಗೂ ಒಂದು ಕಪ್ಪು ಬ್ರೆಡ್ ಕೊಟ್ಟು, "ಹಾಡು ಪರವಾ ಇಲ್ಲ, ಟೈಮ್ ಸರಿ ಇರಲಿಲ್ಲ," ಅಂದರು.

ಸಂಜೆ ಅವಳು ಅಜ್ಜಿಯ ಎದುರು ಕೂತಳು. ಅಮ್ಮನ ಮಷೀನು ಟಕಟಕ ಓಡುತ್ತಿತ್ತು. ಅಜ್ಜಿ ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಏನಾಯ್ತೇ ಇವತ್ತು?"

ಪೀಪಿ ಹೇಳಲು ಬಾಯಿ ತೆರೆದಳು. ಯಾಕೋ ದನಿ ತೆಗೆಯಲಿಲ್ಲ. ತುಟಿ ಮಾತ್ರ ಆಡಿಸಿದಳು: ಇವತ್ತು ಗಣಿತದ ಟೆಸ್ಟ್ ಇತ್ತು.

"ಎಷ್ಟು ಬಂತು?" ಅಂದಳು ಅಜ್ಜಿ.

ಪೀಪಿ ಅಮ್ಮನ ಕಡೆ ನೋಡಿದಳು. ಅಮ್ಮ ಬೆನ್ನು ಹಾಕಿ ಹೊಲಿಯುತ್ತಿದ್ದಳು. ಅವಳಿಗೆ ಕೇಳಿಸಿದ್ದು ಅಜ್ಜಿಯ ಮಾತು ಒಂದೇ.

ಇನ್ನೂ ಪೇಪರ್ ಕೊಟ್ಟಿಲ್ಲ, ಅಂತ ಪೀಪಿಯ ತುಟಿ ಹೇಳಿತು.

"ಕೊಟ್ಟ ಮೇಲೆ ತೋರಿಸು. ಬಚ್ಚಿಡಬೇಡ," ಅಂದಳು ಅಜ್ಜಿ. ಹೇಳಿ ಸೂಜಿಯ ಕಡೆ ಕಣ್ಣು ಹಾಕಿದಳು.

ಪೀಪಿಗೆ ಇಷ್ಟು ವರ್ಷ ತಾನು ಕೂಗಿ ಕೂಗಿ ಹೇಳಿದ್ದೆಲ್ಲ ನೆನಪಾಯಿತು. ಹೊತ್ತು ಮುಳುಗಿ ಕೋಣೆ ಮಬ್ಬಾಗುತ್ತಿತ್ತು. ಅವಳು ಎದ್ದು ಲೈಟ್ ಹಾಕಿದಳು. ತನ್ನ ಮಣೆಯನ್ನು ಲೈಟಿನ ಕೆಳಗೆ, ಮುಖ ಅಜ್ಜಿಗೆ ಚೆನ್ನಾಗಿ ಕಾಣುವ ಹಾಗೆ ಎಳೆದುಕೊಂಡು ಕೂತು, ಅಜ್ಜಿ ತಲೆ ಎತ್ತುವವರೆಗೆ ಕಾದಳು. ಆಮೇಲೆ ಮುಂದಿನ ಮಾತು ಹೇಳಿದಳು.

ಹಬ್ಬದ ಬಟ್ಟೆಗಳನ್ನೆಲ್ಲ ವಾಪಸ್ ಕೊಟ್ಟಾಯಿತು. ಎದುರು ಮನೆಯ ಅಂಕಲ್ ಒಂದನ್ನು ಕೊಟ್ಟರು. ಅಜ್ಜಿಯ ಕಿಟಕಿಯದ್ದು ಮಾತ್ರ ಹಾಗೇ ಇದೆ. ಬಿಚ್ಚುವುದು ಬೇಡ ಅಂತ ಅಜ್ಜಿಯೇ ಅಂದಳಂತೆ. ಬಿಸಿಲಿಗೆ ಬಣ್ಣ ಹೋಗಿದೆ, ಹೊಲಿಗೆ ಬಿಟ್ಟಿಲ್ಲ.

ಆ ದಿನ ಕಿಟಕಿಯ ಕೆಳಗೆ ಯಾರೂ ನುಡಿಸಲಿಲ್ಲ ಅನ್ನುವುದು ಅಜ್ಜಿಗೆ ಗೊತ್ತಿತ್ತೋ, ಬೀದಿಯ ಕೊನೆಯಲ್ಲಿ ಊದಿದ ಟ್ಯೂಬಾ ಕಿಟಕಿಯ ಕಟ್ಟೆಯವರೆಗೆ ಬಂದು ಅವಳ ಬೆರಳಿಗೆ ತಾಗಿತೋ, ನನಗೆ ಗೊತ್ತಿಲ್ಲ. ಪೀಪಿಗೂ ಗೊತ್ತಿಲ್ಲ. ಗೊತ್ತಿತ್ತಾ ಅಜ್ಜಿ ಅಂತ ಕೇಳಿದರೆ ಹೂಂ ಅನ್ನುತ್ತಾಳೆ. ಟ್ಯೂಬಾ ಕೇಳಿಸ್ತಾ ಅಂದರೂ ಹೂಂ ಅನ್ನುತ್ತಾಳೆ.